ಮೊದಲ ಸಲ ಚಾರಣಕ್ಕೆ ಕುಮಾರ ಪರ್ವತ ಸರಿಯೇ? ಕರ್ನಾಟಕದಲ್ಲಿ ಹಾದಿ ಆರಿಸುವುದು ಹೇಗೆ?

ನೇರವಾಗಿ ಹೇಳಿದರೆ, ಬೇಡ. ಶಿಖರದ ಎತ್ತರ 1712 ಮೀಟರ್, ಮುಳ್ಳಯ್ಯನಗಿರಿಯ 1930ಕ್ಕಿಂತ ಕಡಿಮೆಯೇ. ಆದರೆ ಮುಳ್ಳಯ್ಯನಗಿರಿಯಲ್ಲಿ ವಾಹನ ತುದಿಯ ಹತ್ತಿರದವರೆಗೂ ಹೋಗುತ್ತದೆ, ಉಳಿದದ್ದು ಮೆಟ್ಟಿಲು. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರ ಪರ್ವತ ಹತ್ತುವವರು ಹೊರಡುವುದೇ ಬುಡದಿಂದ. ಹಾಗಾಗಿ ಸಮುದ್ರ ಮಟ್ಟದ ಎತ್ತರ ನೋಡಬೇಡಿ, ಎಲ್ಲಿಂದ ಹತ್ತಬೇಕು ಅನ್ನುವುದನ್ನು ನೋಡಿ.

ಆ ದಾರಿಯಲ್ಲಿ ಮೊದಲು ದಟ್ಟ ಕಾಡು: ಬೇರುಗಳೇ ಮೆಟ್ಟಿಲು, ಗಾಳಿಯಿಲ್ಲ, ಅಂಗಿ ಬೆನ್ನಿಗೆ ಅಂಟುತ್ತದೆ. ದಾರಿಯ ನಡುವೆ ಸಿಗುವ ಗಿರಿಗದ್ದೆ ದಾಟಿದ ಮೇಲೆ ಬಹುಪಾಲು ಬಯಲು ಹುಲ್ಲುಗಾವಲು, ನೆರಳು ಅಪರೂಪ. ಹತ್ತುವಾಗ ಉಸಿರು ಹೋಗುತ್ತದೆ, ಇಳಿಯುವಾಗ ಮಂಡಿ. ಎರಡನೆಯದೇ ಹೆಚ್ಚು ಕಾಡುವುದು.

ನನ್ನ ಸಲಹೆ: ಮೊದಲು ಕೊಡಗಿನ ತಡಿಯಂಡಮೋಳ್. 1748 ಮೀಟರ್ ಇದ್ದರೂ ಅರ್ಧ ದಾರಿ ಜೀಪು ರಸ್ತೆಯಂಥದ್ದು, ಕೊನೆಯ ಏರು ಮಾತ್ರ ಕಡಿದು. ಬೆಂಗಳೂರಿನವರಿಗೆ ಸಾವನದುರ್ಗ ಹತ್ತಿರ, ಆದರೆ ಅದು ಬೋಳು ಗ್ರಾನೈಟ್ ಬಂಡೆ. ಮಳೆ ಬಿದ್ದ ದಿನ ಹತ್ತಲೇಬೇಡಿ.

ಕುದುರೆಮುಖದ ಶೋಲಾ ಕಾಡು (ಗುಡ್ಡಗಳ ನಡುವಿನ ಕಣಿವೆಗಳಲ್ಲಿ ಬೆಳೆಯುವ ದಟ್ಟ ಕಾಡು), ಹಸಿರು ಗುಡ್ಡ ನೋಡಬೇಕೆಂದರೆ ಮಳೆ ತಗ್ಗಿದ ಮೇಲೆ, ಅಕ್ಟೋಬರ್ ಹೊತ್ತಿಗೆ ಹೋಗಿ. ಜುಲೈನಲ್ಲಿ ಹೋದರೆ ನೋಟಕ್ಕಿಂತ ಉಂಬಳ, ಅಂದರೆ ಕಾಡಿನ ಜಿಗಣೆಯೇ ಜಾಸ್ತಿ (ಕಾಲುಚೀಲಕ್ಕೆ ಸುಣ್ಣ, ಹೊಗೆಸೊಪ್ಪು ಸವರುವುದು ಮಲೆನಾಡಿನ ಹಳೆಯ ಉಪಾಯ). ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆ ಹಲವು ಹಾದಿಗಳನ್ನು ಮುಚ್ಚುತ್ತದೆ. ಬಸ್ ಟಿಕೆಟ್ಟಿಗೆ ಮೊದಲು ಅನುಮತಿ ಪತ್ರ ಮಾಡಿಸಿಕೊಳ್ಳಿ.