ಹೊಳೆ ಬದಿ ಗದ್ದೆಯ ಹೂಳಿನಲ್ಲಿ ತಾಮ್ರ ಇರಬಹುದೇ?

ನೀವು ಹೇಳಿದ ಲಕ್ಷಣ ನೋಡಿದರೆ ತಾಮ್ರದ ಮೇಲೇ ನನಗೆ ಅನುಮಾನ. ಕೊಡಗಿನ ಕರಡಿಗೋಡಿನ ನಿಮ್ಮ ಗದ್ದೆಯಲ್ಲಿ ಮಳೆಗಾಲದ ಭತ್ತ ಚೆನ್ನಾಗಿದೆ, ಬೇಸಿಗೆಯ ಬೀನ್ಸ್ ಮಾತ್ರ ಹಳದಿಯಾಗಿ ಬೇರು ಮೊಂಡಾಗುತ್ತಿದೆ, ಅಲ್ವಾ? ಮೇಲಿನ ತೋಟಗಳಲ್ಲಿ ಕೊಳೆರೋಗದಂಥ ಶಿಲೀಂಧ್ರ ರೋಗಕ್ಕೆ ವರ್ಷಾನುಗಟ್ಟಲೆ ಹೊಡೆದ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್ ಇರುತ್ತದೆ. ಅದರ ತಾಮ್ರ ಕೊಳೆಯುವುದಿಲ್ಲ. ನುಣ್ಣನೆ ಮಣ್ಣಿಗೆ ಅಂಟಿಕೊಂಡು ಕಾವೇರಿ ಜೊತೆ ಬಂದು, ನೀರು ನಿಂತಲ್ಲಿ ಇಳಿಯುತ್ತದೆ. ಗದ್ದೆಯಲ್ಲಿ ನೀರು ನಿಂತಿರುವಾಗ ಗಂಧಕದ ಜೊತೆ ಕಟ್ಟಿಕೊಂಡಿರುತ್ತದೆ. ಬೇಸಿಗೆಯಲ್ಲಿ ನೀರು ಬಸಿದು ಗಾಳಿಯಾಡಿದಾಗ ಬಿಡುಗಡೆಯಾಗಿ ಬೇರಿಗೆ ತಾಗುತ್ತದೆ. ನಮ್ಮ ಹುಳಿ ಮಣ್ಣಿನಲ್ಲಿ ಇದು ಇನ್ನೂ ಜಾಸ್ತಿ.

ಆದರೆ ಬರೀ ಹುಳಿ ಮಣ್ಣಿಗೂ ಬೇರು ಹೀಗೇ ಮೊಂಡಾಗುತ್ತದೆ. ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ.

ಮೊದಲು ಒಂದೂವರೆ ಅಡಿ ಗುಂಡಿ ತೆಗೆದು ಗೋಡೆ ನೋಡಿ. 2018, 2019ರ ನೆರೆಯ ಹೂಳು ಬೇರೆ ಬಣ್ಣದ ಪಟ್ಟಿಯಾಗಿ ಕಾಣಬಹುದು. ಬೆರಳಲ್ಲಿ ಉಜ್ಜಿ. ಮರಳಾಗಿದ್ದರೆ ಚಿಂತೆ ಕಡಿಮೆ, ಬೆಣ್ಣೆಯಂತೆ ಜಾರಿದರೆ ಅದನ್ನೇ ಪರೀಕ್ಷಿಸಬೇಕು. ಎಂಟು-ಹತ್ತು ಕಡೆಯಿಂದ ಆ ಪದರದ ಮಣ್ಣು ತೆಗೆದು ಬೆರೆಸಿ. ಅರ್ಧ ಕೆ.ಜಿ. ನೆರಳಲ್ಲಿ ಒಣಗಿಸಿ. ಕೆಳಗಿನ ಹಳೇ ಮಣ್ಣನ್ನು ಬೇರೆಯೇ ಇಡಿ. ಮಣ್ಣು ಬೆರೆಸಲು ಮೈಲುತುತ್ತ ಕಲಸಿದ ಬಕೆಟ್ ಮಾತ್ರ ಬಳಸಬೇಡಿ.

ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಮಣ್ಣಿನ ಹುಳಿ ತೋರಿಸುವ ಪಿಎಚ್ (ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ) ಜೊತೆಗೆ ಗಿಡಕ್ಕೆ ಸಿಗುವ ತಾಮ್ರವನ್ನೂ ಅಳೆಯಬೇಕು ಅಂತ ಬಾಯಿಬಿಟ್ಟು ಕೇಳಿ. ಪಿಎಚ್ 5.5ಕ್ಕಿಂತ ಕಡಿಮೆ ಬಂದರೆ ಅವರು ಹೇಳಿದಷ್ಟು ಸುಣ್ಣ, ಜೊತೆಗೆ ಕೊಟ್ಟಿಗೆ ಗೊಬ್ಬರ ಹಾಕಿ. ಎರಡೂ ತಾಮ್ರವನ್ನು ಹಿಡಿದಿಡುತ್ತವೆ. ವರದಿ ಬರುವ ತನಕ ಸುಮ್ನೆ ಆಳವಾಗಿ ಉಳಬೇಡಿ, ಹೂಳು ಹಳೇ ಮಣ್ಣಿಗೆ ಸೇರಿದರೆ ಮತ್ತೆ ಬೇರೆ ಮಾಡಲಾಗದು.