ಹೋಳಿ ಹಾಡಿನ ಬೈಗುಳಕ್ಕೆ ಚುಕ್ಕಿ ಹಾಕಬೇಕಾ?

ಬಾಗಲಕೋಟೆ ಹೋಳಿ ಬಗ್ಗೆ ವಿಶ್ವಕೋಶಕ್ಕೆ ಲೇಖನ ಬರೆಯುತ್ತಿದ್ದೀರಿ. ಹಾಡಿನ ಹೊಲಸು ಮಾತನ್ನು ಇದ್ದಂತೆ ಇಡಬೇಕಾ, ಅಕ್ಷರ ಮರೆಸಿ ಚುಕ್ಕಿ ಹಾಕಬೇಕಾ ಅಂತ ಕೇಳಿದ್ದೀರಿ. ನಾನೂ ಇದೇ ಊರಿನವನು, ಇಂಥ ಲೇಖನಗಳನ್ನು ತಿದ್ದುತ್ತಿರುತ್ತೇನೆ. ಇಡಿ, ಇಲ್ಲವೇ ಬಿಡಿ. ಚುಕ್ಕಿ ಮಾತ್ರ ಬೇಡ.

ಚುಕ್ಕಿ ಕಂಡ ಓದುಗ ಸುಮ್ನೆ ಮುಂದೆ ಹೋಗುವುದಿಲ್ಲ. ತನಗೆ ಗೊತ್ತಿರುವ ಇನ್ನೂ ಕೆಟ್ಟ ಮಾತನ್ನು ಅಲ್ಲಿ ತುಂಬಿಕೊಳ್ಳುತ್ತಾನೆ. ಬೈಗುಳ ತೆಗೆದು ಮೆತ್ತಗಿನ ಮಾತು ಸೇರಿಸುವುದಂತೂ ಶುದ್ಧ ಸುಳ್ಳು. ಹಾಡಿದವರು ಹಾಗೆ ಹಾಡಿಲ್ಲ, ಅಲ್ವಾ?

ಹಾಗಂತ ಸಿಕ್ಕ ಸಾಲನ್ನೆಲ್ಲ ಸುರಿಯಬೇಡಿ. ಆ ಸಾಲು ತೆಗೆದರೆ ಓದುಗನಿಗೆ ಏನಾದರೂ ತಿಳಿಯದೆ ಹೋಗುತ್ತದಾ ನೋಡಿ. ಹೋಳಿಯಲ್ಲಿ ಹಲಗಿ ಬಾರಿಸುವುದು, ಕಾಮನನ್ನು ಸುಡುವುದು ಎಷ್ಟು ಮುಖ್ಯವೋ ಬಾಯಿಗೆ ಕೈ ಬಡಿದು ಹೊಯ್ಕೊಳ್ಳುವುದು, ಬೈಯುವುದೂ ಅಷ್ಟೇ ಮುಖ್ಯ. ಅದಿಲ್ಲದೆ ಲೇಖನ ಅರ್ಧ. ಆದರೆ ಒಂದೆರಡು ಸಾಲು ಸಾಕು. ಯಾವ ಧಾಟಿಯಲ್ಲಿ ಅಂದದ್ದು ಅಂತಲೂ ಹೇಳಿ. ನಮ್ಮ ಕಡೆ ಗೆಳೆಯ ಎದುರಾಗಿ 'ಎಲ್ಲಿ ಸತ್ತಿದ್ದಿಲೇ ಬೋಳಿಮಗನ' ಅಂದರೆ ಅದು ಪ್ರೀತಿ. ಜಗಳದಲ್ಲಿ ಅದೇ ಮಾತಿಗೆ ಕೈ ಮೇಲೇಳುತ್ತದೆ.

ಹಳೆಯ ದಾನಶಾಸನಗಳ ಕೊನೆಯ ಶಾಪ ನೋಡಿ. ದಾನದ ಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ ಅನ್ನುತ್ತದೆ. ಶಾಸನ ಅಚ್ಚು ಹಾಕಿಸಿದ ವಿದ್ವಾಂಸರು ಮೂಗು ಮುಚ್ಚಿಕೊಂಡು ಅದನ್ನು ಬಿಡಲಿಲ್ಲ. (ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನವರು ಮಾತ್ರ ತಮ್ಮ ಭಾಷೆಯ ಎರಡು ದೊಡ್ಡ ಬೈಗುಳಗಳನ್ನು ಮೊದಲು ಬಿಟ್ಟು, 1972ರ ಪುರವಣಿಯಲ್ಲಿ ಸೇರಿಸಿದರು.)

ಜಾತಿಯ ಮಾತಿಗೆ ಇನ್ನೂ ಜಾಸ್ತಿ ಎಚ್ಚರ ಬೇಕು. 1884ರ ಬಿಜಾಪುರ ಗ್ಯಾಜೆಟಿಯರ್ (ಬ್ರಿಟಿಷರ ಕಾಲದ ಜಿಲ್ಲಾ ವಿವರಗಳ ಪುಸ್ತಕ, ಬಾಗಲಕೋಟೆ ಆಗ ಆ ಜಿಲ್ಲೆಯಲ್ಲೇ ಇತ್ತು) ಜಾತಿಗಳನ್ನು ಆಗಿನ ಹೆಸರಿನಲ್ಲೇ ಕರೆಯುತ್ತದೆ. ಅವುಗಳಲ್ಲಿ ಕೆಲವು ಇಂದು ಬೈಗುಳ. ಗ್ಯಾಜೆಟಿಯರ್‌ನ ಸಾಲನ್ನೇ ಎತ್ತಿ ಕೊಡುವಾಗ ಅದು ಆ ಪುಸ್ತಕದ ಮಾತು ಅಂತ ಕಾಣುವಂತೆ ಬರೆಯಿರಿ. ನಿಮ್ಮ ಸ್ವಂತ ವಾಕ್ಯದಲ್ಲಿ ಆ ಸಮುದಾಯದವರು ಇಂದು ಹೇಳಿಕೊಳ್ಳುವ ಹೆಸರೇ ಇರಲಿ.

ನಾನು ಕತ್ತರಿ ಹಾಕುವುದು ಒಂದೇ ಕಡೆ. ಹೋಳಿಯಲ್ಲಿ ಓಣಿಯವರ ಹೆಸರು ಸೇರಿಸಿ ಹಾಡುತ್ತಾರೆ. ಇಂಥವರ ಹೆಂಡತಿ, ಇಂಥವರ ಮಗಳು ಅಂತ. ಹಬ್ಬ ಮುಗಿದರೆ ಅಲ್ಲಿ ಮರೆತುಬಿಡುತ್ತಾರೆ, ಲೇಖನದಲ್ಲಿ ಆ ಹೆಣ್ಣುಮಗಳ ಹೆಸರು ಹಾಗೇ ಉಳಿಯುತ್ತದೆ. ಅಲ್ಲಿ 'ಹೆಸರು ಬಿಟ್ಟಿದೆ' ಅಂತ ಚೌಕ ಆವರಣದಲ್ಲಿ ಹಾಕಿ. ಬೈಗುಳ ಇದ್ದಲ್ಲೇ ಇರಲಿ.