ದಿನಸಿ ಚೀಟಿಯಲ್ಲೇ ಇದೆ ನಿಮ್ಮ ಡಯಟ್ ಪ್ಲಾನ್

ಪ್ರಶ್ನೆ: ಮೇಡಂ ನಮಸ್ಕಾರ. ನಾವು ಮನೇಲಿ ನಾಲ್ಕು ಜನ. ಯಜಮಾನ್ರಿಗೆ ಹೋದ ತಿಂಗಳು ಟೆಸ್ಟ್ ಮಾಡಿಸ್ದಾಗ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 6.1 ಬಂತು, ಡಾಕ್ಟ್ರು ಮಾತ್ರೆ ಈಗ್ಲೇ ಬೇಡ, ಊಟದಲ್ಲಿ ಕಂಟ್ರೋಲ್ ಮಾಡಿ ಅಂದ್ರು. ಅತ್ತೆಗೆ 68, ಬಿಪಿ ಇದೆ, ಹಲ್ಲೂ ಸರಿಯಿಲ್ಲ. ಮಗಳು ಸೆಕೆಂಡ್ ಪಿಯುಸಿ, ಬೆಳಿಗ್ಗೆ ಏನೂ ತಿನ್ನಲ್ಲ. ಯೂಟ್ಯೂಬ್ ನೋಡಿ ಓಟ್ಸು, ಬ್ರೊಕೊಲಿ, ಚಿಯಾ ಬೀಜ ಎಲ್ಲಾ ತಂದೆ, ಯಜಮಾನ್ರು ಎರಡು ದಿನ ತಿಂದು ಮೂರನೇ ದಿನ ಇದನ್ನ ಹಸುಗೆ ಹಾಕು ಅಂದ್ರು. ಒಬ್ಬೊಬ್ಬರಿಗೆ ಒಂದೊಂದು ಅಡುಗೆ ಮಾಡಿ ಸಾಕಾಗಿದೆ. ಎಲ್ಲರಿಗೂ ಆಗೋ ಹಾಗೆ ಒಂದು ವಾರದ ಡಯಟ್ ಚಾರ್ಟ್ ಕೊಡಿ.
– ಗೃಹಿಣಿ, ತಿಪಟೂರು

ಉತ್ತರ: ಹಸು ತಿಂತೋ ಇಲ್ವೋ ಅಂತ ಬರೀಲಿಲ್ಲ ನೀವು. ಚಾರ್ಟ್ ಕೊಡೋದೇನು ಕಷ್ಟ ಅಲ್ಲಮ್ಮ, ಸೋಮವಾರ ಇದು ಮಂಗಳವಾರ ಅದು ಅಂತ ಬರೆದು ಕೊಡಬಹುದು, ಆದ್ರೆ ಬುಧವಾರ ನೆಂಟರು ಬರ್ತಾರೆ, ಗುರುವಾರ ಗ್ಯಾಸ್ ಖಾಲಿ, ಶುಕ್ರವಾರ ಯಾರದ್ದೋ ಗೃಹಪ್ರವೇಶ, ಅಲ್ಲಿಗೆ ಚಾರ್ಟು ಫ್ರಿಜ್ ಬಾಗಿಲ ಮೇಲೆ ಅಂಟ್ಕೊಂಡು ಯುಗಾದಿವರೆಗೂ ಅಲ್ಲೇ ಇರುತ್ತೆ. ಅದರ ಬದಲು ಹೋದ ತಿಂಗಳ ದಿನಸಿ ಚೀಟಿ ತೆಗೀರಿ, ಚೀಟಿ ಎಸೆದಿದ್ರೆ ಅಂಗಡಿ ಬಿಲ್ ಆದ್ರೂ ಸರಿ. ಮನೆಗೆ ಏನು ಎಷ್ಟು ಬಂತೋ ಅದೇ ತಾನೆ ಹೊಟ್ಟೆಗೆ ಹೋಗಿರೋದು.

ಹೈದರಾಬಾದಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಅಂತ ಇದೆ, ಎಲ್ಲರೂ ಎನ್‌ಐಎನ್ ಅಂತಾರೆ, ಐಸಿಎಂಆರ್‌ಗೆ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸೇರಿದ್ದು. ಅವರು 2024ರ ಮೇ ತಿಂಗಳಲ್ಲಿ ಭಾರತೀಯರಿಗೆ ಅಂತ 17 ಅಂಶಗಳ ಆಹಾರ ಮಾರ್ಗಸೂಚಿ ಹೊರಗೆ ತಂದ್ರು. ಅದರಲ್ಲಿ ದಿನಕ್ಕೆ 2000 ಕ್ಯಾಲರಿ ಲೆಕ್ಕಕ್ಕೆ ಒಬ್ಬರ ತಟ್ಟೆ ಹೀಗಿದೆ: ಅಕ್ಕಿ ರಾಗಿ ಗೋಧಿ ಎಲ್ಲಾ ಸೇರಿ 250 ಗ್ರಾಂ, ಬೇಳೆಕಾಳು ಇಲ್ಲಾ ಮೊಟ್ಟೆ ಮಾಂಸ ಸೇರಿ 85 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಹಣ್ಣು 100, ಹಾಲು ಮೊಸರು 300 ಎಂಎಲ್, ಕಡಲೆಬೀಜ ಎಳ್ಳು ಬಾದಾಮಿ ಥರದ್ದು 35, ಎಣ್ಣೆ ತುಪ್ಪ ಸೇರಿ 27. ಧಾನ್ಯ ಕಾಳೆಲ್ಲ ಹಸಿ ತೂಕ, ಬೇಯಿಸಿದ ಮೇಲಿನದಲ್ಲ.

ಇದನ್ನ ನಾಲ್ಕು ಜನಕ್ಕೆ, 30 ದಿನಕ್ಕೆ ಗುಣಿಸಿ ನಿಮ್ಮ ಚೀಟಿ ಪಕ್ಕ ಇಡಿ. ಧಾನ್ಯ ತಿಂಗಳಿಗೆ 30 ಕೆಜಿ ಆಗುತ್ತೆ, ಅದು ಬಹುಶಃ ಬರ್ತಾನೇ ಇದೆ, 25 ಕೆಜಿ ಅಕ್ಕಿ ಮೂಟೆ, ಮೇಲೆ ರಾಗಿ ಹಿಟ್ಟು, ಗೋಧಿ ಹಿಟ್ಟು, ರವೆ, ಅವಲಕ್ಕಿ, ಶ್ಯಾವಿಗೆ ಅಂತ 35 ದಾಟಿದ್ರೂ ಆಶ್ಚರ್ಯ ಇಲ್ಲ. ಈಗ ಬೇಳೆಕಾಳು ನೋಡಿ. ಲೆಕ್ಕದ ಪ್ರಕಾರ 10 ಕೆಜಿ ಬರಬೇಕು, ಮಾಂಸ ಮೊಟ್ಟೆ ತಿನ್ನೋರಾದ್ರೆ ಅಷ್ಟು ಕಡಿಮೆ ಮಾಡ್ಕೊಳ್ಳಿ. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಎರಡು ಕೆಜಿ ತೊಗರಿಬೇಳೆ, ಅರ್ಧ ಕೆಜಿ ಉದ್ದು, ಅರ್ಧ ಹೆಸರು, ಅಲ್ಲಿಗೆ ಮುಗೀತು. ಮೂರು ಕೆಜಿ ಅಂದ್ರೆ ಒಬ್ಬರಿಗೆ ದಿನಕ್ಕೆ 25 ಗ್ರಾಂ, ಅದರಲ್ಲಿ ಪ್ರೋಟೀನ್ ಐದು ಐದೂವರೆ ಗ್ರಾಂ ಅಷ್ಟೇ. ಯಜಮಾನ್ರಿಗೆ ಊಟ ಆಗಿ ಎರಡೇ ಗಂಟೆಗೆ ಮತ್ತೆ ಹಸಿವಾಗೋದು, ಚಕ್ಲಿ ಡಬ್ಬ ಹುಡುಕೋದು ಇದ್ರೆ, ಕಾರಣ ಇಲ್ಲೇ ಸಿಗುತ್ತೆ.

ಒಂದೇ ಸಲ ಹತ್ತು ಕೆಜಿ ತನ್ನಿ ಅಂತ ಹೇಳ್ತಿಲ್ಲ, ಬೇಳೆ ರೇಟು ನನಗೂ ಗೊತ್ತು. ಅಕ್ಕಿ ಐದಾರು ಕೆಜಿ ಇಳಿಸಿ, ಆ ದುಡ್ಡಿಗೆ ಹುರುಳಿ, ಅಲಸಂದೆ, ಹೆಸರುಕಾಳು, ಕಡಲೆಕಾಳು ಬರೆಸಿ. ಹುರುಳಿ ಸಾಮಾನ್ಯವಾಗಿ ತೊಗರಿಗಿಂತ ಅಗ್ಗಕ್ಕೇ ಸಿಗುತ್ತೆ, ಪ್ರೋಟೀನ್ ಮಾತ್ರ ಅಷ್ಟೇ ಇದೆ, ನೂರು ಗ್ರಾಮಿಗೆ 21-22 ಗ್ರಾಂ.

ತರಕಾರಿ ಕಥೆ ಇನ್ನೂ ಮಜಾ. ನಾಲ್ಕು ಜನಕ್ಕೆ ದಿನಕ್ಕೆ 1.6 ಕೆಜಿ ಬೇಕು, ನಾವು ಅರ್ಧ ಕೆಜಿ ಬೀನ್ಸಲ್ಲಿ ಒಂದು ಪಲ್ಯ, ಅದರಲ್ಲೇ ಉಳಿದದ್ದನ್ನ ರಾತ್ರಿಗೆ. ಆಲೂಗೆಡ್ಡೇನ ತರಕಾರಿ ಲೆಕ್ಕಕ್ಕೆ ಸೇರಿಸ್ಕೋಬೇಡಿ, ಅದು ಅನ್ನದ ಕಡೆಯವನು. ನಾಲ್ಕು ಕಂತೆ ಸೊಪ್ಪು ತಂದ್ರೆ ಅರ್ಧ ಕೆಲಸ ಮುಗೀತು. ನಿಮ್ಮ ಸೀಮೆಯವರಿಗೆ ಬಸ್ಸಾರು ಹೇಳ್ಕೊಡೋಷ್ಟು ದೊಡ್ಡವಳು ನಾನಲ್ಲ, ಆದ್ರೆ ಒಂದ್ಸಲ ಯೋಚ್ನೆ ಮಾಡಿ: ಕಾಳು ಬೇಯಿಸ್ತೀರಿ, ಕಾಳು ಮುಕ್ಕಾಲು ಬೆಂದ ಮೇಲೆ ದಂಟೋ ಕೀರೆಯೋ ಸಬ್ಬಸಿಗೆಯೋ ಹಾಕ್ತೀರಿ, ಕಟ್ಟು ಬಸ್ಕೋತೀರಿ, ಅದಕ್ಕೆ ಹುರಿದ ಈರುಳ್ಳಿ ಬೆಳ್ಳುಳ್ಳಿ ಕಾಯಿ ಖಾರ ಎಲ್ಲಾ ರುಬ್ಬಿ ಹುಣಸೆರಸ ಬಿಟ್ಟು ಸಾರು, ಬಸಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ರೆ ಪಲ್ಯ. ಬೇಯಿಸಿದ ನೀರಿಗೆ ಇಳಿದ ಸತ್ವವೂ ಸಾರಲ್ಲಿ ವಾಪಸ್ ಬಂತು, ಕಾಳು, ಸೊಪ್ಪು ಎರಡೂ ತಟ್ಟೆಗೆ ಬಂತು, ಎರಡು ಚಮಚ ಎಣ್ಣೇಲಿ ನಾಲ್ಕು ಜನರ ಊಟ. ಇದನ್ನ ಬಿಟ್ಟು ಬ್ರೊಕೊಲಿ ಹಿಂದೆ ಹೋಗಿದೀರಲ್ಲ!

ಎಣ್ಣೆ ತುಪ್ಪ ಸೇರಿ ತಿಂಗಳಿಗೆ ಮೂರೂವರೆ ಲೀಟರ್ ಮೇಲೆ ಬೇಡ. ತಿಪಟೂರಿನವರಿಗೆ ಕೊಬ್ಬರಿ ಬಿಡಿ ಅಂದ್ರೆ ನನ್ನನ್ನ ಊರೊಳಗೆ ಬಿಡಲ್ಲ, ಬಿಡೋದೂ ಬೇಡ, ಆದ್ರೆ ಕಾಯಲ್ಲೂ ಜಿಡ್ಡಿದೆ, ಹಾಗಾಗಿ ಸಾರಿಗೆ ಕಾಯಿ ರುಬ್ಬಿದ ದಿನ ಪಲ್ಯಕ್ಕೆ ಎಣ್ಣೆ ಕೈ ಹಿಡಿದು ಹಾಕಿ. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದ್ರೆ ಒಂದು ಟೀ ಚಮಚ, ಒಂದು ಕೆಜಿ ಪ್ಯಾಕೆಟ್ ನಿಮ್ಮನೇಲಿ ಒಂದೂವರೆ ತಿಂಗಳಾದ್ರೂ ಬರಬೇಕು. ಪ್ಯಾಕೆಟ್ ಒಡೆದ ದಿನ ಅದರ ಮೇಲೇ ತಾರೀಕು ಬರೆದಿಡಿ, ಗೊತ್ತಾಗುತ್ತೆ. ಸಕ್ಕರೆ ದಿನಕ್ಕೆ 20-25 ಗ್ರಾಂ, ಅದೂ ಬಿಸ್ಕೆಟ್ಟು ಜ್ಯೂಸು ಬೇಕರಿ ಎಲ್ಲಾ ಸೇರಿ, ಬೆಲ್ಲಕ್ಕೆ ಬೇರೆ ರಿಯಾಯ್ತಿ ಏನಿಲ್ಲ.

ಇನ್ನು ಒಬ್ಬೊಬ್ಬರಿಗೆ ಬೇರೆ ಅಡುಗೆ ಅನ್ನೋದನ್ನ ಇವತ್ತೇ ನಿಲ್ಲಿಸಿ, ಪಾತ್ರೆ ಒಂದೇ ಇರ್ಲಿ, ಬಡಿಸೋದು ಬೇರೆ ಮಾಡಿ. ಯಜಮಾನ್ರಿಗೆ ಮೊದಲು ಒಂದು ಬಟ್ಟಲು ಕೋಸಂಬರಿ ಇಲ್ಲಾ ಪಲ್ಯ, ಆಮೇಲೆ ಒಂದು ಮುದ್ದೆ, ಅನ್ನ ಒಂದೇ ಸೌಟು. ರಾಗಿ ಅಂದ್ಮೇಲೆ ಶುಗರ್ ಏರಲ್ಲ ಅಂತ ಎರಡೆರಡು ಮುದ್ದೆ ನುಂಗೋರಿದ್ದಾರೆ, ರಾಗೀಲೂ ಪಿಷ್ಟ ಇದೆ ಕಣ್ರೀ, ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಕುಡಿದ್ರೆ ಚೆನ್ನಾಗೇ ಏರುತ್ತೆ, ಮುದ್ದೆ ಜೊತೆ ಸೊಪ್ಪು ಕಾಳು ಇದ್ರೆ ನಿಧಾನ. ಊಟ ಆದ್ಮೇಲೆ ಟಿವಿ ಮುಂದೆ ಕೂರೋ ಮೊದ್ಲು ಹದಿನೈದು ನಿಮಿಷ ನಡೀಲಿ. ಅತ್ತೆಯವರಿಗೆ ಅದೇ ಬಸ್ಸಾರಿನ ಪಲ್ಯ ಕಿವುಚಿ, ಅದೇ ಸಾರು, ಕೊನೆಗೆ ಮೊಸರನ್ನ, ಉಪ್ಪಿನಕಾಯಿ ಹಪ್ಪಳ ಮಾತ್ರ ಹಬ್ಬಕ್ಕೆ, ಬಿಪಿ ಇರೋರಿಗೆ ಉಪ್ಪು ಒಳಗೆ ಬರೋ ದಾರಿನೇ ಅದು. ಮಗಳಿಗೆ ಏಳು ಗಂಟೆಗೆ ದೋಸೆ ಮುಂದಿಟ್ರೆ ತಿನ್ನಲ್ಲ, ಆ ವಯಸ್ಸಲ್ಲಿ ಯಾರು ತಿಂತಾರೆ, ಒಂದು ಲೋಟ ಹಾಲು, ಬಾಳೆಹಣ್ಣು ಕೊಟ್ಟು, ಬ್ಯಾಗಿಗೆ ಹುರಿದ ಕಡಲೆಬೀಜ ಅಥ್ವಾ ಬೇಯಿಸಿದ ಮೊಟ್ಟೆ ಹಾಕಿ ಕಳಿಸಿ. ಮೂರು ತಿಂಗಳಾದ್ಮೇಲೆ ಯಜಮಾನ್ರ ಟೆಸ್ಟ್ ಇನ್ನೊಂದ್ಸಲ ಮಾಡಿಸಿ ಡಾಕ್ಟ್ರಿಗೆ ತೋರಿಸಿ.

ಪ್ರಶ್ನೆ: ಅಕ್ಕಾ, ನಂಗೆ 24 ವರ್ಷ, 65 ಕೆಜಿ, ಬೆಂಗಳೂರಲ್ಲಿ ಪಿಜಿಲಿ ಇದೀನಿ, ಸ್ಟವ್ ಇಡಂಗಿಲ್ಲ. ಜಿಮ್ ಸೇರಿದೀನಿ, ಟ್ರೇನರ್ ದಿನಾ 130 ಗ್ರಾಂ ಪ್ರೋಟೀನ್ ಬೇಕು, ಪೌಡರ್ ಇಲ್ದೆ ಆಗಲ್ಲ ಅಂತಾನೆ. ಸಂಬಳ ಬಾಡಿಗೆಗೇ ಹೋಗುತ್ತೆ, ಏನ್ ಮಾಡ್ಲಿ?
– ಮಾರತಹಳ್ಳಿ

ಉತ್ತರ: ತಮ್ಮಾ, ಪೌಡರ್ ಮಾರೋನೂ ಅವನೇನಾ ಅಂತ ಮೊದ್ಲು ವಿಚಾರಿಸು. ಐಸಿಎಂಆರ್ ಲೆಕ್ಕದಲ್ಲಿ ಆರೋಗ್ಯವಂತರಿಗೆ ಕೆಜಿ ತೂಕಕ್ಕೆ 0.83 ಗ್ರಾಂ, ಅಂದ್ರೆ ನಿಂಗೆ 54. ವೆಯ್ಟ್ ಎತ್ತೋನು ನೀನು, ಸ್ವಲ್ಪ ಜಾಸ್ತಿ ಬೇಕು ನಿಜ, ಕೆಜಿಗೆ 1.2ರಿಂದ 1.6 ಹಿಡ್ಕೊಂಡ್ರೂ 80ರಿಂದ 100ರ ಹತ್ರ ನಿಲ್ಲುತ್ತೆ, 130 ಯಾಕೆ ಬೇಕು?

ಈಗ ಸ್ಟವ್ ಇಲ್ದೆ ಎಷ್ಟಾಗುತ್ತೆ ನೋಡು. ಮೂರು ಮೊಟ್ಟೆ, 18 ಗ್ರಾಂ, ಪಿಜಿ ಅಡುಗೆಯವ್ರಿಗೆ ಹೇಳಿದ್ರೆ ಅನ್ನದ ಜೊತೆಗೇ ಬೇಯಿಸಿ ಕೊಡ್ತಾರೆ, ಒಂದು ದಿನ ಮಾತಾಡಿಸ್ಬೇಕು ಅಷ್ಟೇ. ಹುರಿಗಡಲೆ 50 ಗ್ರಾಂ, 10. ಒಂದು ಹಿಡಿ ಕಡಲೆಬೀಜ, 7. ಅರ್ಧ ಲೀಟರ್ ಮೊಸರು ಪ್ಯಾಕೆಟ್, ದಿನಕ್ಕೊಂದು, 15ರಿಂದ 16. ಅಲ್ಲಿಗೆ 50 ಆಯ್ತು. ಪಿಜಿ ಸಾಂಬಾರಲ್ಲಿ ಬೇಳೆ ಹುಡುಕೋಕೆ ಟಾರ್ಚ್ ಬೇಕು ಅಂತ ಗೊತ್ತು, ಆದ್ರೂ ಚಪಾತಿ ಅನ್ನ ಇಡ್ಲಿ ಎಲ್ಲಾ ಸೇರಿ ದಿನಕ್ಕೆ 25-30 ಬಂದೇ ಬರುತ್ತೆ. ಕೆಲವು ದಿನ ಸ್ಟೀಲ್ ಡಬ್ಬೀಲಿ ಹೆಸರುಕಾಳು ಮೊಳಕೆ ಕಟ್ಟು, ಕುದಿಯೋ ನೀರು ಸುರಿದು ಹತ್ತು ನಿಮಿಷ ಮುಚ್ಚಿಟ್ಟು ಬಸಿದು, ಉಪ್ಪು ನಿಂಬೆಹಣ್ಣು ಹಾಕ್ಕೊಂಡು ತಿನ್ನು. ವಾರಕ್ಕೆರಡು ಸಲ ಚಿಕನ್ ತಿಂದ್ರೆ ಇನ್ನೇನು ಬೇಕು? ಪೌಡರ್ ವಿಷ ಅಲ್ಲ, ದುಡ್ಡಿದ್ದಾಗ ತಗೋ, ಡಬ್ಬಿ ಮೇಲೆ ಎಫ್‌ಎಸ್‌ಎಸ್‌ಎಐ (ಸರ್ಕಾರದ ಆಹಾರ ಸುರಕ್ಷತಾ ಸಂಸ್ಥೆ) ಲೈಸೆನ್ಸ್ ನಂಬರ್ ಇರೋದನ್ನೇ ತಗೋ. ತರಕಾರಿ ಬಗ್ಗೆ ನೀನೂ ಕೇಳ್ಲಿಲ್ಲ, ಟ್ರೇನರೂ ಹೇಳಿಲ್ಲ ಅನ್ಸುತ್ತೆ. ಸೌತೆಕಾಯಿ, ಕ್ಯಾರೆಟ್, ಟೊಮೆಟೊಗೆ ಸ್ಟವ್ ಬೇಡ.

ಪ್ರಶ್ನೆ: ಮೇಡಂ, ನಮ್ದು ವಿಜಯಪುರ ಕಡೆ. ಈಗ ಮಗನ ಮನ್ಯಾಗ ಬೆಂಗಳೂರಾಗ ಅದೀನಿ. ಊರಾಗ ಎರಡೂ ಹೊತ್ತು ಜ್ವಾಳದ ರೊಟ್ಟಿ ತಿಂದಾಕಿ ನಾನು. ಸೊಸಿ ರಾಗಿ ಭಾಳ ಛಲೋ ಅತ್ತಿ, ಅದನ್ನ ತಿನ್ರಿ ಅಂತಾಳ. ನನಗ ಮುದ್ದಿ ಗಂಟಲದಾಗ ಇಳಿಯಂಗಿಲ್ಲ. ಯಾವ್ದು ಛಲೋ ಹೇಳ್ರಿ.
– ಹಿರಿಯ ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಅಮ್ಮಾ, ಎರಡೂ ಛಲೋನೇ. ನಾರಿನಂಶ ಎರಡರಲ್ಲೂ ನೂರು ಗ್ರಾಮಿಗೆ 10-11 ಗ್ರಾಂ, ಪಾಲಿಶ್ ಅಕ್ಕೀಲಿ ಮೂರು ಗ್ರಾಮೂ ಇಲ್ಲ. ಪ್ರೋಟೀನಲ್ಲಿ ಜೋಳ ಮುಂದೆ, ಸುಮಾರು 10, ರಾಗೀಲಿ 7. ಸುಣ್ಣದಂಶಕ್ಕೆ ಮಾತ್ರ ರಾಗಿ ಮುಂದೆ ಯಾವ ಧಾನ್ಯವೂ ನಿಲ್ಲಲ್ಲ, 350 ಮಿಲಿಗ್ರಾಂ ದಾಟುತ್ತೆ, ಜೋಳದಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ, ಸೊಸೆ ಅದಕ್ಕೇ ಹೇಳಿರ್ತಾರೆ, ನಿಮ್ಮ ವಯಸ್ಸಿನ ಮೂಳೆ ನೆನೆಸ್ಕೊಂಡು. ಅದನ್ನ ನೀವು ಮಜ್ಜಿಗೇಲಿ, ಮೊಸರಲ್ಲಿ, ಎಳ್ಳಲ್ಲಿ, ಸೊಪ್ಪಲ್ಲಿ ತುಂಬಿಸ್ಕೋಬಹುದು.

ನನ್ನ ಚಿಂತೆ ಬೇರೆ. ಊರಲ್ಲಿ ರೊಟ್ಟಿ ಒಂದೇ ತಿಂತಿರ್ಲಿಲ್ಲ ನೀವು, ಪಕ್ಕದಲ್ಲಿ ಮಡಿಕಿ ಕಾಳಿನ ಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ, ಮೊಸರು ಇರ್ತಿತ್ತು. ಬೆಂಗಳೂರಿಗೆ ಬಂದ ಎಷ್ಟೋ ಮನೆಗಳಲ್ಲಿ ರೊಟ್ಟಿ ಮಾತ್ರ ಅಂಗಡಿಯಿಂದ ಬರುತ್ತೆ, ಕಾಳು, ಹಸಿ ಸೊಪ್ಪು ಊರಲ್ಲೇ ಉಳ್ಕೊಂಡು ಜೊತೆಗೆ ಸಾಸ್ ಥರದ ಗ್ರೇವಿ ಬರುತ್ತೆ. ಆ ಪಕ್ಕದ ಸಾಮಾನನ್ನ ಮನೆಗೆ ತರಿಸಿ, ಸೊಸೆಗೂ ಕಟ್ಟಿ ಕೊಡಿ ಆಫೀಸಿಗೆ, ರಾಗಿ ಜಗಳ ತಾನಾಗೇ ಮುಗಿಯುತ್ತೆ. ಮುದ್ದೆ ಇಳೀದಿದ್ರೆ ಒಂದು ಹೊತ್ತು ರಾಗಿ ರೊಟ್ಟಿ ತಟ್ಟಿ ನೋಡಿ.

ಪ್ರಶ್ನೆ: ನನ್ನ ಹಿಮೋಗ್ಲೋಬಿನ್ 9.8. ಸೊಪ್ಪು, ಖರ್ಜೂರ ಎಲ್ಲಾ ತಿಂತೀನಿ, ಏರ್ತಾನೇ ಇಲ್ಲ. ಕಾಫಿ ಬಿಡಬೇಕಾ? ನಾವು ಕಾಫಿ ಬೆಳೆಯೋರು ಮೇಡಂ.
– ಮೂಡಿಗೆರೆ

ಉತ್ತರ: ಬಿಡಬೇಡಿ, ಹೊತ್ತು ಬದಲಾಯಿಸಿ. ತಿಂಡಿ ಜೊತೆ, ಊಟದ ಬೆನ್ನಿಗೇ ಕಾಫಿ ಟೀ ಕುಡಿದ್ರೆ ಅದರ ಟ್ಯಾನಿನ್ನು ಸೊಪ್ಪಿನ ಕಬ್ಬಿಣ ಮೈಗೆ ಹತ್ತೋಕೆ ಬಿಡಲ್ಲ, ಅದಕ್ಕೇ ಎನ್‌ಐಎನ್‌ನವರು ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ಆಮೇಲೆ ಬೇಡ ಅಂದಿರೋದು. ಸೊಪ್ಪಿನ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿ, ಇಲ್ಲಾ ಊಟದ ಜೊತೆ ಸೀಬೆಹಣ್ಣು ತಿನ್ನಿ, ವಿಟಮಿನ್ ಸಿ ಇದ್ರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತೆ. ಆದ್ರೆ 9.8 ಬರೀ ಊಟದಿಂದ ಮೇಲೆ ಬರೋ ನಂಬರ್ ಅಲ್ಲ. ಮುಟ್ಟಲ್ಲಿ ಜಾಸ್ತಿ ಹೋಗ್ತಿದ್ಯಾ, ಹೊಟ್ಟೇಲಿ ಹುಳ ಇದ್ಯಾ, ಇನ್ನೇನಾದ್ರೂ ಇದ್ಯಾ ಅಂತ ಡಾಕ್ಟ್ರು ನೋಡಬೇಕು, ಮಾತ್ರೆ ಬರೆದ್ರೆ ತಗೊಳ್ಳಿ, ಖರ್ಜೂರದಲ್ಲೇ ಮುಗಿಸ್ತೀನಿ ಅನ್ಬೇಡಿ.

ಪ್ರಶ್ನೆ: ರಾತ್ರಿ ಊಟ ಬಿಟ್ರೆ ತೂಕ ಇಳಿಯುತ್ತಾ?
– ದಾವಣಗೆರೆ

ಉತ್ತರ: ಊಟ ಬಿಟ್ಟು ಹತ್ತೂವರೆಗೆ ಮಂಡಕ್ಕಿ ಮಿರ್ಚಿ ತಿಂದ್ರೆ ಇಳಿಯಲ್ಲ, ಮತ್ತೆ ನಿಮ್ಮೂರಲ್ಲಿ ಬೆಳಿಗ್ಗೆ ಆ ಹಸಿವಿಗೆ ಬೆಣ್ಣೆ ದೋಸೆ ಒಂದಕ್ಕೆ ನಿಲ್ಲುತ್ತಾ? ಎಂಟು ಗಂಟೆ ಒಳಗೆ ಒಂದೂವರೆ ರೊಟ್ಟಿ, ತಟ್ಟೆ ತುಂಬ ಪಲ್ಯ, ಒಂದು ಬಟ್ಟಲು ಕಾಳು, ಮಜ್ಜಿಗೆ ಮುಗಿಸಿಬಿಡಿ. ವಾರಕ್ಕೆ ಅರ್ಧ ಕೆಜಿ ಇಳಿದ್ರೆ ಸಾಕು, ಅದಕ್ಕಿಂತ ಜೋರಾಗಿ ಇಳಿಸ್ತೀನಿ ಅನ್ನೋರ ಹತ್ರ ದುಡ್ಡು ಕಟ್ಟಬೇಡಿ.